ವಾಲ್-ಇ: ಪ್ರೇಮಕಥೆ ಪರಿಸರದ ಮಾತನ್ನು ಗಟ್ಟಿ ಮಾಡಿತೇ, ಮರೆಸಿತೇ?

ಪಿಕ್ಸಾರ್ ಸ್ಟುಡಿಯೊದ ‘ವಾಲ್-ಇ’ ತೆರೆಗೆ ಬಂದದ್ದು 2008ರ ಜೂನ್‌ನಲ್ಲಿ. ಮನುಷ್ಯರು ಕಸದ ಗುಡ್ಡಗಳನ್ನು ಹಿಂದೆ ಬಿಟ್ಟು ಆಕ್ಸಿಯಮ್ ಮೊದಲಾದ ನೌಕೆಗಳನ್ನು ಹತ್ತಿ ಹೋಗಿ 700 ವರ್ಷವಾಗಿದೆ. ಉಳಿದಿರುವುದು ಕಸ ಒತ್ತಿ ಇಟ್ಟಿಗೆ ಮಾಡುವ ವಾಲ್-ಇ ಎಂಬ ಒಂದು ಪುಟ್ಟ ರೋಬಾಟ್. ಹಸಿರು ಹುಡುಕಲು ಬಂದ ಈವ್ ಎಂಬ ರೋಬಾಟ್ ಮೇಲೆ ಅದಕ್ಕೆ ಪ್ರೀತಿ ಹುಟ್ಟುತ್ತದೆ. ಪರಿಸರ ದಿನಕ್ಕೆ ಮಕ್ಕಳಿಗೆ ಯಾವ ಚಿತ್ರ ತೋರಿಸೋಣ ಎಂಬ ಮಾತು ಬಂದಾಗ ಈ ಹೆಸರೂ ಬರುತ್ತದೆ. ಹಾಗಾದರೆ ಆ ಪ್ರೀತಿ ಪರಿಸರದ ಮಾತಿಗೆ ಬಲ ಕೊಟ್ಟಿದೆಯೇ?

ಪರ: ಕೈ ಹಿಡಿಯದಿದ್ದರೆ ಗಿಡವೂ ಉಳಿಯುತ್ತಿರಲಿಲ್ಲ

ಕಥೆಯ ಕೀಲು ಎಲ್ಲಿ ಕೂತಿದೆ ಎಂದು ಹುಡುಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಕ್ಸಿಯಮ್‌ನ ಕಸದ ಕೋಣೆ. ಗಿಡ ಹೊತ್ತು ಮರಳಿದ ಈವ್ ಹಿಂದೆಯೇ ವಾಲ್-ಇ ನೌಕೆಗೆ ಬಂದಿದ್ದಾನೆ. ನೌಕೆ ನಡೆಸುವ ಆಟೋ ಎಂಬ ಯಂತ್ರ ಕೊಟ್ಟ ಶಾಕ್‌ಗೆ ವಾಲ್-ಇಯ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ. ಆ ಸ್ಥಿತಿಯಲ್ಲೂ ಅವನು ಈವ್ ಕೈಗೆ ಗಿಡ ಕೊಡುತ್ತಾನೆ. ಅವಳನ್ನು ಭೂಮಿಗೆ ಕಳಿಸಿದ್ದೇ ಅದಕ್ಕಾಗಿ. ಆದರೆ ಅವಳೀಗ ಗಿಡವನ್ನು ಪಕ್ಕಕ್ಕೆಸೆದು ಅವನಿಗೆ ಹೊಂದುವ ಬಿಡಿಭಾಗಕ್ಕಾಗಿ ತಡಕಾಡುತ್ತಾಳೆ. ವಾಲ್-ಇ ಮತ್ತೆ ಗಿಡದ ಕಡೆಗೇ ಕೈ ತೋರಿಸುತ್ತಾನೆ. ಬದಲಿ ಬೋರ್ಡ್ ಇರುವುದು ಭೂಮಿಯಲ್ಲಿ, ಅವನು ಮನೆ ಮಾಡಿಕೊಂಡಿರುವ ಲಾರಿಯೊಳಗೆ. ಗಿಡ ನೌಕೆಯ ಪರೀಕ್ಷಾ ಯಂತ್ರಕ್ಕೆ ಸೇರಿದರೆ ಮಾತ್ರ ನೌಕೆ ಭೂಮಿಯತ್ತ ತಿರುಗುತ್ತದೆ. ಪ್ರೇಮಿಯನ್ನು ಉಳಿಸುವ ದಾರಿ, ಭೂಮಿಗೆ ಮರಳುವ ದಾರಿ ಎಂದು ಬೇರೆ ಬೇರೆ ಇಲ್ಲವೇ ಇಲ್ಲ. ಇದು ಚಿತ್ರಕಥೆಯ ಅಪ್ಪಟ ಕಸುಬು. ಪ್ರೇಮವನ್ನು ಕಿತ್ತು ತೆಗೆದರೆ ಗಿಡಕ್ಕೆ ಇರುವ ತುರ್ತೂ ಹೋಗುತ್ತದೆ.

ಇನ್ನೊಂದು ಸಾಕ್ಷಿ ಕೊನೆಯಲ್ಲಿದೆ. ಈವ್ ಬೋರ್ಡ್ ಬದಲಾಯಿಸಿ, ಲಾರಿಯ ಛಾವಣಿ ಒಡೆದು ಬಿಸಿಲು ಬೀಳಿಸುತ್ತಾಳೆ. ವಾಲ್-ಇ ಎದ್ದು ಕೂರುತ್ತಾನೆ, ಆದರೆ ನೆನಪಿಲ್ಲ. ವರ್ಷಗಟ್ಟಲೆ ಆರಿಸಿ ಇಟ್ಟುಕೊಂಡಿದ್ದ ವಸ್ತುಗಳನ್ನೇ ಹೊಟ್ಟೆಗೆ ತುಂಬಿ ಒತ್ತಿ ಇಟ್ಟಿಗೆ ಮಾಡುತ್ತಾನೆ. ಜೊತೆಗಾರ ಜಿರಳೆಯ ಮೇಲೆಯೇ ಹರಿದುಹೋಗುತ್ತಾನೆ. ಬೋರ್ಡು, ಚಕ್ರದ ಪಟ್ಟಿ, ಸೌರಫಲಕ ಎಲ್ಲವೂ ಸರಿಯಿದ್ದು, ನೋಡುವ ಮನಸ್ಸು ಮಾತ್ರ ಇಲ್ಲದ ಯಂತ್ರ ಜಗತ್ತನ್ನು ಹೇಗೆ ಕಾಣುತ್ತದೆ ಎಂಬುದು ಆ ಒಂದೆರಡು ನಿಮಿಷದಲ್ಲಿ ಬರುತ್ತದೆ: ಎದುರಿಗೆ ಬಂದದ್ದೆಲ್ಲ ಕಸ. ಗ್ರಾಹಕ ಸಂಸ್ಕೃತಿಯ ಬಗ್ಗೆ ಭಾಷಣ ಮಾಡಿಸಿದ್ದರೆ ಈ ಮಾತು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ವಾಲ್-ಇಯ ದಿನಚರಿಯನ್ನೇ ನೋಡಿ. ಬೆಳಗ್ಗೆ ಸೌರಫಲಕ ಬಿಚ್ಚಿ ಚಾರ್ಜ್ ಆಗುತ್ತಾನೆ. ಸವೆದ ಚಕ್ರದ ಪಟ್ಟಿಗೆ ಬದಲಾಗಿ ಕೆಟ್ಟು ನಿಂತ ಇನ್ನೊಂದು ವಾಲ್-ಇಯ ಪಟ್ಟಿ ಬಿಚ್ಚಿ ಹಾಕಿಕೊಳ್ಳುತ್ತಾನೆ. ವಜ್ರದುಂಗುರದ ಡಬ್ಬಿ ಸಿಕ್ಕರೆ ಉಂಗುರ ಎಸೆದು ಡಬ್ಬಿ ಇಟ್ಟುಕೊಳ್ಳುತ್ತಾನೆ. ಚಮಚವೂ ಫೋರ್ಕೂ ಒಂದಾಗಿರುವ ವಸ್ತು ಸಿಕ್ಕಾಗ ಯಾವ ಸಾಲಿಗೆ ಸೇರಿಸುವುದೆಂದು ತಿಳಿಯದೆ ಎರಡರ ನಡುವೆ ಇಡುತ್ತಾನೆ. ದುರಸ್ತಿ, ಮರುಬಳಕೆ, ವಿಂಗಡಣೆ ಎಲ್ಲವೂ ಇಲ್ಲಿವೆ, ಆದರೆ ಒಂಟಿಜೀವದ ಆಸೆಗಳಾಗಿ ಇವೆ. ಕೈ ಹಿಡಿಯುವುದನ್ನು ಕಲಿತದ್ದೂ ಕಸದಲ್ಲಿ ಸಿಕ್ಕ ಟೇಪಿನಿಂದ, ಅದರಲ್ಲಿರುವ 1969ರ ಸಂಗೀತ ಚಿತ್ರದಿಂದ. ಬಿಸಾಡಿದ್ದರಲ್ಲಿ ಬೆಲೆಯುಳ್ಳದ್ದು ಇದೆ ಎಂಬುದನ್ನು ಚಿತ್ರ ಹೀಗೆ ತೋರಿಸಿಕೊಡುತ್ತದೆ.

ಜಾಹೀರಾತು ಫಲಕಗಳ ಸದ್ದು ಬಿಟ್ಟರೆ ಮೊದಲ ಅರ್ಧ ಗಂಟೆಯಲ್ಲಿ ಮಾತೇ ಇಲ್ಲ ಎನ್ನಬಹುದು. ಆ ಮೌನವನ್ನು ಹೊರುವುದು ತಂತ್ರಜ್ಞರಿಗೆ ಸುಲಭವಿರಲಿಲ್ಲ. ನಾಯಕನಿಗೆ ಬಾಯಿಲ್ಲ, ಹುಬ್ಬಿಲ್ಲ. ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಬೇಸ್‌ಬಾಲ್ ಪಂದ್ಯದಲ್ಲಿ ದುರ್ಬೀನನ್ನು ಅತ್ತಿತ್ತ ಬಾಗಿಸುತ್ತಿದ್ದಾಗ ವಾಲ್-ಇಯ ಕಣ್ಣು ಹೇಗಿರಬೇಕೆಂಬುದು ಹೊಳೆಯಿತು. ಕಸ ಎಳೆದು ಹೊಟ್ಟೆಗೆ ಹಾಕುವ ಯಂತ್ರಕ್ಕೆ ಮೊಣಕೈ ಏಕೆ ಎಂದು ಅದನ್ನೂ ಕೊಡಲಿಲ್ಲ. ಧ್ವನಿ ಮಾಡಿದ ಬೆನ್ ಬರ್ಟ್ ಅವನ ಓಡಾಟದ ಸದ್ದಿಗೆ ಕೈಯಲ್ಲಿ ತಿರುಗಿಸುವ ಹಳೆಯ ಜನರೇಟರ್ ಬಳಸಿದರು. ಈವ್ ಇದಕ್ಕೆ ತದ್ವಿರುದ್ಧ: ಬಿಳಿ ಮೊಟ್ಟೆಯಂಥ ಮೈ, ಕೀಲಿನ ಗುರುತೇ ಇಲ್ಲ, ನೆಲ ಮುಟ್ಟದೆ ತೇಲುತ್ತಾಳೆ. ತುಕ್ಕು ಹಿಡಿದ ಹಳೆಯದನ್ನು ಹೊಳೆಯುವ ಹೊಸದು ಪ್ರೀತಿಸಲು ಕಲಿಯುತ್ತದೆ ಎಂಬುದೇ, ಹಳೆಯ ಫೋನನ್ನು ವರ್ಷಕ್ಕೊಮ್ಮೆ ಎಸೆಯುವ ಕಾಲಕ್ಕೆ ಹೇಳಬೇಕಾದ ಮಾತು.

ಕ್ಯಾಮೆರಾ ಕೆಲಸದ ಬಗ್ಗೆಯೂ ಹೇಳಬೇಕು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಸಲಹೆ ಪಡೆದು, 1970ರ ದಶಕದ ಸಿನಿಮಾ ಲೆನ್ಸುಗಳ ಮಸುಕು, ಹೊಳಪು, ಅಂಚಿನ ವಕ್ರತೆಯನ್ನು ಕಂಪ್ಯೂಟರ್‌ನಲ್ಲಿ ಮರಳಿ ಕಟ್ಟಿದರು. ಹಿಂದಿನ ದೂಳು ಮಬ್ಬಾಗುತ್ತದೆ, ಮುಂದಿನ ಒಂದೇ ಒಂದು ವಸ್ತು ಸ್ಪಷ್ಟವಾಗುತ್ತದೆ. ಕಂದು ಹಳದಿ ಬಣ್ಣದ ನಡುವೆ ಹಳೆಯ ಬೂಟಿನಲ್ಲಿಟ್ಟ ಸಸಿಯ ಹಸಿರು ಕಣ್ಣಿಗೆ ಅಷ್ಟು ಬಲವಾಗಿ ತಾಗುವುದು ಇದರಿಂದ.

ಪರಿಸರದ ಸಂದೇಶ ಕೊಡಲೆಂದು ತಾನು ಹೊರಟದ್ದಲ್ಲ, ಪ್ರೀತಿ ಒಳಗೆ ಬರೆದಿಟ್ಟ ಆದೇಶವನ್ನು ಗೆಲ್ಲುವುದೇ ತನ್ನ ವಿಷಯ ಎಂದು ಸ್ಟಾಂಟನ್ ಹೇಳಿಕೊಂಡಿದ್ದಾರೆ. ಇದನ್ನೇ ಹಿಡಿದು ಚಿತ್ರವನ್ನು ಅಲ್ಲಗಳೆಯುವವರಿದ್ದಾರೆ. ನಮಗೆ ಅದೇ ಅದರ ಶಕ್ತಿ. ನೌಕೆಯ ಜನರೂ ಆದೇಶದಂತೆ ಬದುಕುವವರೇ: ತೇಲುವ ಕುರ್ಚಿ, ಕಣ್ಣ ಮುಂದೆ ಪರದೆ, ಕೈಗೆ ಬರುವ ಲೋಟ. ಅವರಲ್ಲಿ ಜಾನ್ ಮತ್ತು ಮೇರಿ ಎಂಬಿಬ್ಬರು ಎಚ್ಚರಾಗುವುದು ಪರದೆ ಆರಿದಾಗ, ಪಕ್ಕದವರ ಕೈ ತಾಗಿದಾಗ. ಕ್ಯಾಪ್ಟನ್ ವಾಲ್-ಇ ಕೈಗೆ ಅಂಟಿದ್ದ ಮಣ್ಣನ್ನು ಪರೀಕ್ಷೆಗೆ ಹಾಕಿ ‘ಭೂಮಿ’ ಎಂದರೇನೆಂದು ಕೇಳುತ್ತಾ ರಾತ್ರಿ ಕಳೆಯುತ್ತಾನೆ. ಮಣ್ಣು ಮುಟ್ಟದವರಿಗೆ ಮಣ್ಣು ಉಳಿಸುವ ಆಸೆ ಎಲ್ಲಿಂದ ಬರಬೇಕು?

ವಿರೋಧ: ಕಣ್ಣು ಒದ್ದೆಯಾಯಿತು, ಕಸ ಅಲ್ಲೇ ಉಳಿಯಿತು

ಚಿತ್ರದ ಕಸುಬಿನ ಬಗ್ಗೆ ತಕರಾರಿಲ್ಲ. ಆಸ್ಕರ್ ಬಂದದ್ದೂ ನ್ಯಾಯವೇ. ತಕರಾರಿರುವುದು ಅದನ್ನು ಪರಿಸರ ಪಾಠವೆಂದು ಒಪ್ಪಿಸುವುದರಲ್ಲಿ. ಕಸದ ಕೆಲಸ ಬಲ್ಲವರು ಮೊದಲ ದೃಶ್ಯದಲ್ಲೇ ತಡವರಿಸುತ್ತಾರೆ, ಏಕೆಂದರೆ ವಾಲ್-ಇ ಮಾಡುವ ಕೆಲಸದ ಕ್ರಮವೇ ತಲೆಕೆಳಗು. ಮೇಲೆ ಹೇಳಿದ ವಿಂಗಡಣೆ ತನಗೆ ಇಷ್ಟವಾದ ನಾಲ್ಕು ವಸ್ತುಗಳಿಗಷ್ಟೆ. ಮಿಕ್ಕದ್ದೆಲ್ಲ ಬೆರೆತಂತೆಯೇ ಒತ್ತಿ ಇಟ್ಟಿಗೆಯಾಗುತ್ತದೆ.

ಬೆರೆಸಿ ಒತ್ತಿದರೆ ಏನಾಗುತ್ತದೆ? ಹಸಿ ಕಸದ ನೀರು ಹಿಂಡಿ ಹೊರಬಂದು ಕಾಗದ, ರಟ್ಟನ್ನೆಲ್ಲ ನೆನೆಸುತ್ತದೆ. ಆಮೇಲೆ ಗುಜರಿಯವರೂ ಅದನ್ನು ಮುಟ್ಟುವುದಿಲ್ಲ. ಗಾಳಿಯಾಡದ ಕಡೆ ಹಸಿ ಕಸ ಕೊಳೆತರೆ ಹುಟ್ಟುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಮೊಬೈಲ್ ಬ್ಯಾಟರಿ ಜಜ್ಜಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಪ್ಲಾಸ್ಟಿಕ್ಕನ್ನು ಒತ್ತುವುದು ತಪ್ಪಲ್ಲ, ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಒತ್ತಿ ಬೇಲ್ ಕಟ್ಟುತ್ತಾರೆ. ಆದರೆ ಅದು ಬಗೆಬಗೆಯಾಗಿ ಬೇರ್ಪಡಿಸಿದ ಮೇಲೆ. ನೀರಿನ ಬಾಟಲಿಯ ಪಿಇಟಿ ಪ್ಲಾಸ್ಟಿಕ್ಕಿನೊಳಗೆ ಕೊಳವೆಗೆ ಬಳಸುವ ಪಿವಿಸಿ ಸ್ವಲ್ಪ ಸೇರಿದರೂ ಇಡೀ ಲೋಡ್ ಹಾಳು. ಪಿಇಟಿ ಕರಗುವುದು 250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಅಷ್ಟರೊಳಗೆ ಪಿವಿಸಿ ಒಡೆದು ಆಮ್ಲದ ಹೊಗೆ ಬಿಡುತ್ತದೆ, ಪ್ಲಾಸ್ಟಿಕ್ ಕಂದಾಗಿ ಪೆಡಸಾಗುತ್ತದೆ.

ಬೆಂಗಳೂರಿಗೆ ಇದನ್ನು ಯಾವ ಚಿತ್ರವೂ ಹೇಳಬೇಕಿಲ್ಲ. ಬೆರೆತ ಕಸ ಒತ್ತಿಕೊಂಡು ಹೋಗುವ ಕಾಂಪ್ಯಾಕ್ಟರ್ ಲಾರಿಗಳಿಂದ ರಸ್ತೆಗೆ ಸುರಿಯುವ ಕಸದ ರಸವನ್ನು ಊರೇ ಕಂಡಿದೆ. ಹಾಗೆ ಸಾಗಿಸಿದ್ದನ್ನು ಸುರಿದ ಜಾಗಗಳಲ್ಲಿ ನೀರು ಕೆಟ್ಟು, ಬದುಕು ಕೆಟ್ಟು, 2012ರಲ್ಲಿ ಮಾವಳ್ಳಿಪುರದವರೂ 2014ರಲ್ಲಿ ಮಂಡೂರಿನವರೂ ಹೋರಾಡಿ ಲಾರಿ ನಿಲ್ಲಿಸಬೇಕಾಯಿತು. ಚಿತ್ರದ ಭೂಮಿಯಲ್ಲಿ ಕಸದ ಪಕ್ಕ ಬದುಕಬೇಕಾದ ಒಬ್ಬ ಮನುಷ್ಯನೂ ಇಲ್ಲ. ಪೌರಕಾರ್ಮಿಕರಿಲ್ಲ, ಚಿಂದಿ ಆಯುವವರಿಲ್ಲ. ಎಲ್ಲರೂ ಒಟ್ಟಿಗೆ ನೌಕೆ ಹತ್ತಿದರು ಎಂಬ ಊಹೆಯಲ್ಲೇ ಕಸದ ರಾಜಕೀಯ ಮಾಯವಾಗಿದೆ. ನಿಜ ಜಗತ್ತಿನಲ್ಲಿ ನೌಕೆ ಹತ್ತುವವರು ಬೇರೆ, ಗುಡ್ಡದ ಬುಡದಲ್ಲಿ ಉಳಿಯುವವರು ಬೇರೆ.

ಆಕ್ಸಿಯಮ್‌ನ ಲೆಕ್ಕವಂತೂ ಕೂಡುವುದೇ ಇಲ್ಲ. ಅಲ್ಲಿ ದೊಡ್ಡ ರೋಬಾಟ್‌ಗಳು ಕಸ ಒತ್ತಿ ಬಾಹ್ಯಾಕಾಶಕ್ಕೆ ತಳ್ಳುತ್ತವೆ. ಮುಚ್ಚಿದ ನೌಕೆಯಿಂದ ದಿನವೂ ಇಂಗಾಲ, ಸಾರಜನಕ, ರಂಜಕವನ್ನು ಹೊರಗೆಸೆದರೆ 700 ವರ್ಷದ ಊಟ ಯಾವುದರಿಂದ ತಯಾರಾಗಬೇಕು? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವವನ್ನೂ ಬಿಡದೆ ಶುದ್ಧೀಕರಿಸಿ 98 ಶೇಕಡಾ ನೀರು ಮರಳಿ ಪಡೆದುದಾಗಿ ನಾಸಾ 2023ರಲ್ಲಿ ಪ್ರಕಟಿಸಿತು. ಎಸೆಯಲು ‘ಆಚೆ’ ಎಂಬ ಜಾಗವೇ ಇಲ್ಲ ಎಂದು ಕಲಿಸಲು ನೌಕೆಗಿಂತ ಒಳ್ಳೆಯ ಅವಕಾಶ ಬೇರೊಂದು ಸಿಗದು. ಚಿತ್ರ ಆ ಜಾಗದಲ್ಲಿ ಪ್ರೇಮಿಗಳ ಪ್ರಾಣಾಪಾಯದ ದೃಶ್ಯ ಇಟ್ಟಿತು. ಹೊರಗೆ ಹಾರಿಹೋಗುವ ಕಸದ ಬಗ್ಗೆ ಯಾರೂ ಕೇಳುವುದಿಲ್ಲ, ನಮ್ಮ ಕಣ್ಣು ಈವ್ ಮೇಲಿರುತ್ತದೆ. ಪ್ರೇಮಕಥೆ ಮಾತನ್ನು ಮರೆಸುವುದು ಎಂದರೆ ಇದೇ.

ಇನ್ನು ಗಿಡ. ಅದು ಸಿಗುವುದು ಹಳೆಯ ಫ್ರಿಜ್‌ನ ಒಳಗೆ. ಬೆಳಕಿಲ್ಲದೆ ಮೊಳೆತ ಸಸಿ ಬಿಳಿಚಿ, ಕಾಂಡ ನೀಳವಾಗಿ, ಎಲೆ ಕಿರಿದಾಗಿ ಬಾಗುತ್ತದೆ. ಚಿತ್ರದ್ದು ಅಚ್ಚಹಸಿರಾಗಿ ನೆಟ್ಟಗಿದೆ. ಇದನ್ನು ಕಲ್ಪನೆಯ ಸ್ವಾತಂತ್ರ್ಯವೆಂದು ಬಿಡೋಣ. ಒಂದು ಸಸಿ ಕಂಡಿತು, ಇನ್ನು ಊರಿಗೆ ಹೋಗೋಣ ಎಂಬ ತೀರ್ಮಾನವನ್ನು ಮಾತ್ರ ಬಿಡಲಾಗದು. ಕಸ ಸುರಿದ ನೆಲದಲ್ಲಿ ಬೆಳೆ ತೆಗೆಯಬೇಕಾದರೆ ಮಣ್ಣಿನ ಹುಳಿ-ಕ್ಷಾರ, ಉಪ್ಪಿನಂಶ, ಸಾವಯವ ಇಂಗಾಲ ನೋಡಬೇಕು. ಸೀಸ, ಕ್ಯಾಡ್ಮಿಯಂನಂಥ ಭಾರಲೋಹ ಎಷ್ಟಿದೆ ಎಂದು ಅಳೆಯಬೇಕು. ಇವು ಸೊಪ್ಪಿನೊಳಗೆ ಸೇರಿಕೊಂಡರೂ ಗಿಡ ನೋಡಲು ಹಸಿರಾಗಿಯೇ ಇರಬಹುದು, ತಿಂದವರಿಗೆ ವಿಷ. ಅಂತರ್ಜಲದ್ದು ಮತ್ತೊಂದು ಪರೀಕ್ಷೆ. ಈ ಶ್ರಮವನ್ನೆಲ್ಲ ಚಿತ್ರ ಕೊನೆಯ ಹೆಸರುಪಟ್ಟಿಯ ಹಿಂದೆ ಗುಹಾಚಿತ್ರದಿಂದ ವ್ಯಾನ್ ಗೋ ಶೈಲಿಯವರೆಗೆ ಬಣ್ಣಬಣ್ಣವಾಗಿ ಬರೆದು ಮುಗಿಸುತ್ತದೆ. ನೋಡಲು ಚೆಂದ, ಆದರೆ ನಿಜವಾದ ಕಥೆ ಶುರುವಾಗುವುದೇ ಅಲ್ಲಿ.

ತಪ್ಪು ಯಾರದು ಎಂಬಲ್ಲಿಯೂ ಜಾರಿಕೆ ಇದೆ. ಬೈ ಎನ್ ಲಾರ್ಜ್ ಎಂಬ ಕಂಪನಿ ಜಗತ್ತನ್ನೇ ನುಂಗಿತು ಎಂದು ಆರಂಭದಲ್ಲಿ ಹೇಳಿ, ಕೊನೆಗೆ ಖಳನಾಗಿಸುವುದು ಆಟೋ ಎಂಬ ಚುಕ್ಕಾಣಿ ಯಂತ್ರವನ್ನು. ಕ್ಯಾಪ್ಟನ್ ಗುಂಡಿ ತಿರುಗಿಸಿ ಅದನ್ನು ನಿಲ್ಲಿಸಿದ ಕೂಡಲೇ ಎಲ್ಲರ ಋಣವೂ ತೀರಿತು. ದಪ್ಪ ಮೈಯನ್ನು ನಗೆಗೆ ಬಳಸಿದ್ದೂ ಸರಿಯಲ್ಲ, ಮಕ್ಕಳು ಮನೆಗೆ ಒಯ್ಯುವುದು ಕಂಪನಿಯ ತಪ್ಪನ್ನಲ್ಲ, ಆ ಮೈಗಳನ್ನು. ಚಿತ್ರದ ಜೊತೆಗೇ ಅದರ ಪ್ಲಾಸ್ಟಿಕ್ ಆಟಿಕೆಗಳೂ ಅಂಗಡಿಗೆ ಬಂದವು.

ಶಾಲೆಯಲ್ಲಿ ತೋರಿಸಲೇಬೇಕು ಎನ್ನುವವರು ಚಿತ್ರವನ್ನು ಪ್ರೇಮಕಥೆಯೆಂದೇ ತೋರಿಸಲಿ. ಪಾಠಕ್ಕೆ ಬೇಕಾದದ್ದು ಮೂರು ಬುಟ್ಟಿ, ಒಂದು ಕೈತಕ್ಕಡಿ, ಏಳು ದಿನ. ಹಸಿ ಕಸ, ಒಣ ಕಸ, ಹಾಗೂ ಡೈಪರ್, ಬ್ಯಾಂಡೇಜ್‌ನಂಥದ್ದು ಬೇರೆ ಬೇರೆ. ಹಸಿ ಕಸವನ್ನು ನೀರು ಬಸಿದು ತೂಗಬೇಕು, ಇಲ್ಲದಿದ್ದರೆ ಲೆಕ್ಕ ಉಬ್ಬುತ್ತದೆ. ಅದು ಗೊಬ್ಬರವಾಗಬೇಕಾದರೆ ಒಣಗಿದ ಎಲೆಯನ್ನು ಬುಟ್ಟಿಯ ಅಳತೆಯಲ್ಲಿ ಸಮಕ್ಕೆ ಸಮವಾದರೂ ಬೆರೆಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಬರಬಾರದು. ನಾರಿದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಇನ್ನಷ್ಟು ಎಲೆ ಹಾಕಿ ತಿರುವಬೇಕು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದರೆ ಗುಜರಿಯಲ್ಲಿ ಬೆಲೆಯಿದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತೆಗೆಯದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಬೇಕು, ಬಿಡಿಯಾದ ಆ ಚೂರು ಹಸಿ ಕಸಕ್ಕೋ ಚರಂಡಿಗೋ ಸೇರಿದರೆ ಯಾವ ಕೇಂದ್ರದಲ್ಲೂ ಯಾರೂ ಅದನ್ನು ಆರಿಸಿ ತೆಗೆಯಲಾರರು.