ನೂರು ಮೀಟರಿನೊಳಗಿನ ಬಚ್ಚಲು

ಹಂಪಿ ಸುತ್ತಲ ಹಳ್ಳಿಗಳಿಗೆ ಹೆಣ್ಣು ಕೊಡುವವರು ಗದ್ದೆ ಎಷ್ಟೆಕರೆ ಅಂತ ವಿಚಾರಿಸುವುದು ಸಾಲದು, ಟೇಪು ಹಿಡಿದುಕೊಂಡೇ ಬರಬೇಕು. ಬೀಗರ ಮನೆ ಸ್ಮಾರಕದಿಂದ 98 ಮೀಟರೋ, 102 ಮೀಟರೋ ಎಂಬುದರ ಮೇಲೆ ಮಗಳಿಗೆ ಬಚ್ಚಲುಮನೆಯ ಯೋಗ ನಿಂತಿದೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ, ಕೇಳಿ ಕಟ್ಟಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆ ಬೇಡವೆಂದಲ್ಲ. ಅದಿಲ್ಲದಿದ್ದರೆ ಕಲ್ಯಾಣಿಯೊಳಗೇ ರೆಸಾರ್ಟ್ ಎದ್ದಿರುತ್ತಿತ್ತು. ಆದರೆ ಇಲ್ಲಿ ಬಂಡೆಗೊಂದು ಗುಡಿ, ಗುಡಿಯ ಸುತ್ತ 100 ಮೀಟರ್. ಸೋರುವ ಮಾಳಿಗೆ ದುರಸ್ತಿ ಮಾಡಿಸಲೂ ಅರ್ಜಿ ಹಾಕಬೇಕು, ಮನೆ 1992ರ ಜೂನ್ 16ಕ್ಕೆ ಮುಂಚಿನದು ಅಂತ ತೋರಿಸಬೇಕು. ಎದುರಿನ ಮಂಟಪದ ವಯಸ್ಸು ಗೈಡುಗಳಿಗೆಲ್ಲ ಬಾಯಿಪಾಠ. ತಾತ ಕಟ್ಟಿಸಿದ ಗೋಡೆಯ ವಯಸ್ಸಿಗೆ ಮಾತ್ರ ಕಾಗದ ಬೇಕು.

ಸ್ವಾರಸ್ಯ ಇರುವುದು ಮುಂದೆ. ಅದೇ 100 ಮೀಟರಿನೊಳಗೆ ಸಾರ್ವಜನಿಕ ಶೌಚಾಲಯ, ಮೂತ್ರಾಲಯ, ಚರಂಡಿ, ಊರಿಗೆ ನೀರು-ಕರೆಂಟು ಕೊಡುವ ಕಾಮಗಾರಿ ಈ ಕಾಯ್ದೆಯ ಲೆಕ್ಕದಲ್ಲಿ ನಿರ್ಮಾಣವೇ ಅಲ್ಲ! ಬಸ್ಸಿನಿಂದ ಇಳಿದ ಐವತ್ತು ಪ್ರವಾಸಿಗರು ಸಾಲಾಗಿ ಹೋಗಿ ಬಂದರೆ ಪರಂಪರೆಗೆ ಏನೂ ಆಗುವುದಿಲ್ಲ. ಮಂಡಿನೋವಿನ ಮುದುಕಿಯೊಬ್ಬಳು ಹಿತ್ತಲಲ್ಲಿ ನಾಲ್ಕು ಗೋಡೆ ಎಬ್ಬಿಸಿಕೊಂಡರೆ ವಿಜಯನಗರ ಎರಡನೇ ಸಲ ಬೀಳುತ್ತದೆ. ಯವ್ವಾ, ಬಾಗಿಲಿಗೆ 'ಸಾರ್ವಜನಿಕ' ಅಂತ ಬೋರ್ಡು ಬರೆಸಿಬಿಡು. ಸಾಹೇಬರು ಬಂದರೆ ಒಂದು ಚೊಂಬು ನೀರೂ ಕೊಡು, ಉದ್ಘಾಟನೆ ಆದಂತಾಗುತ್ತದೆ.

ಮುದುಕಿಯ ಗೋಡೆ ಕಾಣುವ ಕಣ್ಣಿಗೆ ಸೇತುವೆ ಕಾಣಲಿಲ್ಲ. ಆನೆಗೊಂದಿಯ ಬಳಿ ಹೊಳೆಗೆ ಸರಕಾರ ತಾನೇ ಕಾಂಕ್ರೀಟು ಹಾಕಹೊರಟಿತು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೆಸರು ತೆಗೆಸಲು 2006 ಬರಬೇಕಾಯಿತು. 2009ರಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಸತ್ತರು.

ಇನ್ನು ಹಂಪಿ ಬಜಾರು. ಬಜಾರಿನಲ್ಲಿ ವ್ಯಾಪಾರ ಮಾಡುವುದು ಪರಂಪರೆಗೆ ವಿರುದ್ಧವೆಂಬ ಜ್ಞಾನೋದಯವಾಗಿ, 2011ರಲ್ಲಿ ಸಾಲುಮಂಟಪಗಳಿಗೆ ಅಂಟಿಕೊಂಡಿದ್ದ ಮನೆ, ಅಂಗಡಿಗಳನ್ನೆಲ್ಲ ಕೆಡವಿದರು. ಈ ಪಟ್ಟಣದ ಅಂಗಡಿಬೀದಿಗಳನ್ನು ಬಾಯ್ತುಂಬ ಹೊಗಳಿ ಬರೆದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇವತ್ತು ಬಂದರೆ, ವ್ಯಾಪಾರಸ್ಥರನ್ನು ಹುಡುಕಿಕೊಂಡು, ಎಬ್ಬಿಸಿದವರಿಗೆ ಜಾಗ ಕೊಟ್ಟ ಕಡ್ಡಿರಾಂಪುರದ ಕಡೆಗೆ ಆಟೋ ಹಿಡಿಯಬೇಕು.