ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರು

ಮೂರು ಭಾನುವಾರ ನಾನು ಚರ್ಚಿಗೆ ಹೋಗಿರಲಿಲ್ಲ. ಕಾಯಿಲೆ ಏನೂ ಇರಲಿಲ್ಲ. ಒಂದು ವಾರ ಸುಸ್ತು, ಇನ್ನೊಂದು ವಾರ ಆಫೀಸಿನ ಕೆಲಸ, ಮೂರನೇ ವಾರ ಸುಮ್ನೆ. ನಾಲ್ಕನೇ ವಾರ ಹೋದಾಗ ಆರಾಧನೆ ಶುರುವಾಗಿಬಿಟ್ಟಿತ್ತು. ಸದ್ದು ಮಾಡದೆ ಹಿಂದಿನ ಸಾಲಿನಲ್ಲಿ ಕೂತೆ.

ಮುಗಿದ ಮೇಲೆ ಕೋಲು ಊರಿಕೊಂಡು ಒಬ್ಬ ಅಜ್ಜಿ ನನ್ನ ಹತ್ತಿರ ಬಂದರು. ಕೈಚೀಲದಿಂದ ಮೂರು ಹಾಳೆ ತೆಗೆದು ಕೊಟ್ಟರು. ಪ್ರತಿ ವಾರ ಬಾಗಿಲಲ್ಲಿ ಹಂಚುವ ಆರಾಧನೆಯ ಹಾಳೆಗಳು. ಮೂರರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ನನ್ನ ಹೆಸರು. ಮೊದಲನೆಯದರಲ್ಲಿ ಹೆಸರು ತಪ್ಪಾಗಿತ್ತು. ಎರಡನೆಯದರಲ್ಲಿ ಯಾರನ್ನೋ ಕೇಳಿ ಸರಿಯಾಗಿ ಬರೆದಿದ್ದರು. "ನಿಮಗೆ ಅಂತ ಎತ್ತಿಟ್ಟಿದ್ದೆ" ಅಂದರು, ಅಷ್ಟೇ. ಯಾಕೆ ಬಂದಿರಲಿಲ್ಲ ಅಂತ ಕೇಳಲೇ ಇಲ್ಲ.

ನಮ್ಮೂರಿನ ಸಭೆಯಲ್ಲಾಗಿದ್ದರೆ ಮೊದಲು ಬರುತ್ತಿದ್ದ ಮಾತೇ ಅದು. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಪರೀಕ್ಷೆ ಅಂತ ಎರಡು ವಾರ ತಪ್ಪಿಸಿದ್ದೆ. ಮೂರನೇ ವಾರ ಬಾಗಿಲಲ್ಲೇ ಸಭೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಅಂದರು. ಸುತ್ತ ಇದ್ದವರು ನಕ್ಕರು. ಅಮ್ಮ ತಲೆ ತಗ್ಗಿಸಿದಳು. ಆಮೇಲೆ ನಾನು ಎರಡು ತಿಂಗಳು ಆ ಕಡೆ ಕಾಲಿಡಲಿಲ್ಲ. ಬರಲಿ ಅಂತ ಆಡಿದ ಮಾತು ನನ್ನನ್ನು ಹೊರಗೇ ನಿಲ್ಲಿಸಿತು.

ಚರ್ಚಿಗೆ ತಪ್ಪದೆ ಬನ್ನಿ ಅನ್ನುವಾಗ ನಮ್ಮವರು ಎತ್ತುವ ಬೈಬಲಿನ ವಚನ ಒಂದೇ, ಇಬ್ರಿಯರಿಗೆ ಬರೆದ ಪತ್ರಿಕೆ 10:25. ಕೆಲವರು ರೂಢಿ ಮಾಡಿಕೊಂಡ ಹಾಗೆ ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅನ್ನೋದು. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದರ ಹಿಂದಿನ ವಚನವನ್ನು, 24ನೆಯದನ್ನು, ಯಾರೂ ಓದಿ ಹೇಳಿದ ನೆನಪಿಲ್ಲ. ಒಬ್ಬರನ್ನೊಬ್ಬರು ಗಮನಿಸಿಕೊಳ್ಳಿ, ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸಿ ಅನ್ನುತ್ತದೆ ಅದು. ಎರಡೂ ಸೇರಿ ಒಂದೇ ಮಾತು. ಗಮನಿಸಿಕೊಳ್ಳೋದನ್ನು ಬಿಟ್ಟು ಹಾಜರಿಯನ್ನಷ್ಟೇ ಹಿಡಿದರೆ ಅದು ಶಾಲೆಯ ಹಾಗಾಗುತ್ತದೆ, ಅಲ್ವಾ?

ಯೇಸುವಿನ ಶಿಷ್ಯ ತೋಮನನ್ನೇ ನೋಡಿ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ, ಸತ್ತಿದ್ದ ಯೇಸು ಎದ್ದು ಬಂದ ಆ ಮೊದಲ ಭಾನುವಾರ ಸಂಜೆ, ತೋಮ ಉಳಿದವರ ಜೊತೆ ಇರಲಿಲ್ಲ. ಎಲ್ಲಿದ್ದ, ಯಾಕೆ ಬರಲಿಲ್ಲ, ಬರೆದಿಲ್ಲ. ಉಳಿದ ಶಿಷ್ಯರು ಅವನಿಗೆ ಹೇಳಿದ್ದು ಒಂದೇ: ನಾವು ಕರ್ತನನ್ನು ನೋಡಿದೆವು. ಅವನು ನಂಬಲಿಲ್ಲ. ಆದರೂ ಎಂಟು ದಿನ ಆದಮೇಲೆ ಅವರ ನಡುವೆಯೇ ಇದ್ದ. ನಂಬದವನಿಗೂ ಅಲ್ಲಿ ಕೂರಲು ಜಾಗ ಇತ್ತು. ಅವತ್ತು ಯೇಸು ಮತ್ತೆ ಬಂದಾಗ ಅವನೂ ಕಂಡು ನಂಬಿದ. ಅವನು ಬರದೇ ಇದ್ದಿದ್ದರೆ?

ಕ್ರಿ.ಶ. 155ರ ಸುಮಾರಿಗೆ ರೋಮ್‌ನಲ್ಲಿದ್ದ ಜಸ್ಟಿನ್ ಅನ್ನೋ ಕ್ರೈಸ್ತ ಬರಹಗಾರ, ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಕೂಟ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತಾನೆ. ಓದು, ಪ್ರಸಂಗ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಬಾರದವರ ಪಾಲನ್ನು ಸಭಾಸೇವಕರು ಅವರಿಗೆ ತಲುಪಿಸುತ್ತಾರೆ ಅಂತಲೂ ಬರೆಯುತ್ತಾನೆ. ಅಜ್ಜಿಯ ಕೈಚೀಲ ನೋಡಿದ ಮೇಲೆ ನನಗೆ ಈ ಸಾಲು ಬೇರೆ ಥರ ಕೇಳಿಸುತ್ತದೆ. ಬಾರದವರಿಗೂ ಒಂದು ಪಾಲು ಎತ್ತಿಡುತ್ತಿದ್ದರು.

2020ರಲ್ಲಿ ಚರ್ಚುಗಳು ಮುಚ್ಚಿದಾಗ ಎಲ್ಲರೂ ಫೋನಿನಲ್ಲೇ ಆರಾಧನೆ ನೋಡಿದೆವು. ಹಾಸಿಗೆ ಹಿಡಿದವರಿಗೆ ಅದು ಇವತ್ತಿಗೂ ದೊಡ್ಡ ಉಪಕಾರ. ಆದರೆ ನಡೆದಾಡುವ ನನ್ನಂಥವರು ಅದನ್ನೇ ಹಿಡಿದುಕೊಂಡು ಕೂತೆವು. ಪ್ರಸಂಗ ಕಿವಿಗೆ ಬೀಳುತ್ತದೆ, ನಿಜ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಫೋನಿನಿಂದ ಕೈಗೆ ಬರೋದಿಲ್ಲ. ಪಕ್ಕದವರು ಹಾಡುವಾಗ ಗಂಟಲು ಕಟ್ಟಿದ್ದೂ ಗೊತ್ತಾಗೋದಿಲ್ಲ. ನಾನು ಬಂದಿಲ್ಲ ಅಂತ ಫೋನು ಯಾರಿಗೂ ಹೇಳೋದಿಲ್ಲ.

ಹಾಗಾಗಿ ಬಿಟ್ಟವರಿಗೆ ನನ್ನದೊಂದು ಮಾತು. ಮನಸ್ಸು ಬರಲಿ, ಆಮೇಲೆ ಹೋಗೋಣ ಅಂತ ಕಾಯಬೇಡಿ. ಶನಿವಾರ ರಾತ್ರಿಯೇ ತೀರ್ಮಾನ ಮಾಡಿ ಮಲಗಿ. ಹೋಗಿ ಕೂತ ಮೇಲೆ ಮನಸ್ಸು ಹಿಂದೆಯೇ ಬರುತ್ತದೆ, ನನಗೆ ಬಂದಿದೆ. ಒಳಗಿರುವವರಿಗೂ ಒಂದು ಮಾತು. ಯಾರು ಕಾಣುತ್ತಿಲ್ಲ ಅಂತ ನೋಡಿ. ಸೋಮವಾರವೇ ಫೋನ್ ಮಾಡಿ. ಕಾರಣ ಕೇಳಬೇಡಿ, ಹೇಗಿದ್ದೀರಿ ಅಂತ ಕೇಳಿ. ಮುಂದಿನ ವಾರ ಆರಾಧನೆಯಲ್ಲಿ ಸತ್ಯವೇದ ಓದೋಕೆ ಆಗುತ್ತಾ ಅಂತ ಕೇಳಿ. ಕೆಲಸ ಇರುವ ಜಾಗಕ್ಕೆ ಜನ ಜಾಸ್ತಿ ಬರುತ್ತಾರೆ.

ಆದರೂ ಒಂದನ್ನು ಹೇಳದೆ ಇರೋಕಾಗೋದಿಲ್ಲ. ಇಲ್ಲಿನ ಚರ್ಚಿನಲ್ಲಿ ಅರ್ಧ ಬೆಂಚು ಖಾಲಿ. ಊರಿನಲ್ಲಿ ತಡವಾದರೆ ನಿಲ್ಲೋಕೂ ಜಾಗ ಸಿಗುತ್ತಿರಲಿಲ್ಲ. ಕ್ರಿ.ಶ. 304ರಲ್ಲಿ ಉತ್ತರ ಆಫ್ರಿಕಾದ ಅಬಿಟಿನಾ ಅನ್ನೋ ಊರಿನ 49 ಮಂದಿ ಕ್ರೈಸ್ತರು, ಭಾನುವಾರ ಕೂಡಬಾರದು ಅಂತ ರೋಮ್‌ನ ಆಳುವವರು ಅಂದಾಗಲೂ ಕೂಡಿ ಸೆರೆ ಸಿಕ್ಕರು. ಆ ಭಾನುವಾರದ ಕೂಟವಿಲ್ಲದೆ ನಮಗೆ ಆಗೋದಿಲ್ಲ ಅಂದರು. ಅಮ್ಮನದ್ದೂ ಅದೇ ಜಾತಿಯ ಹಟ. ಯಾರು ಕರೆದರೂ ಕರೆಯದಿದ್ದರೂ, ಜ್ವರವಿದ್ದರೂ ಹೊರಟುಬಿಡುತ್ತಿದ್ದಳು. ಆ ಹಟ ಇಲ್ಲಿ ನನಗೆ ಕಂಡಿದ್ದು ಕಡಿಮೆ. ನನ್ನಲ್ಲೂ ಕಡಿಮೆ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಹಾಳೆಗಳ ವಿಷಯ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಅವತ್ತು ಬಾಗಿಲಲ್ಲಿ ನನ್ನನ್ನು ಅಂದಿದ್ದ ಆ ಹಿರಿಯರ ಮಾತು ತೆಗೆದಳು. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲವಂತೆ. ಅಮ್ಮನ ದನಿ ಕೇಳಿದ ಕೂಡಲೇ ಪ್ರತಿ ಭಾನುವಾರ ಒಂದೇ ಪ್ರಶ್ನೆಯಂತೆ. "ಮಗ ಅಲ್ಲಿ ಚರ್ಚಿಗೆ ಹೋಗ್ತಾನಾ?"

ನಾನು ಊರು ಬಿಟ್ಟು ಹನ್ನೊಂದು ವರ್ಷವಾಯಿತು.