ಸ್ಪಷ್ಟನೆ: ‘30 ಮೀಟರ್’ ವಾಚ್ ಈಜಲು ಅಲ್ಲ

‘ವಾಚಿನ ಹಿಂದೆ 30 ಮೀಟರ್ ಅಂತ ಇದ್ದರೆ ಅಷ್ಟು ಆಳದವರೆಗೆ ಈಜಬಹುದು’ ಎಂಬ ಮೆಸೇಜ್ ಕಾರವಾರದ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ಅಂಕಿ ಲ್ಯಾಬಿನಲ್ಲಿ ಹೊಸ ವಾಚಿನ ಮೇಲೆ ಹಾಕಿ ನೋಡುವ ಒತ್ತಡ, ಸುಮಾರು 3 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಈಜುವ ಆಳ ಅಲ್ಲವೇ ಅಲ್ಲ. ಕೈ ತೊಳೆಯುವಾಗ ನೀರು ಸಿಡಿದರೆ ತೊಂದರೆ ಇಲ್ಲ, ಅಷ್ಟೇ. ನಮ್ಮ ಜುಲೈ ಮಳೆಗೆ ಅದೂ ಅನುಮಾನವೇ ಅನ್ನಿ! ಟಾಗೋರ್ ಬೀಚಿನಲ್ಲಿ ಈಜಲು 100 ಮೀಟರಿನದು ಒಳ್ಳೆಯದು. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ಐಎಸ್‌ಒ 6425 (ಡೈವಿಂಗ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡ) ಗುಣಮಟ್ಟದ ಡೈವರ್ಸ್ ವಾಚನ್ನೇ ನೋಡಿ. ಒಳಗಿನ ರಬ್ಬರ್ ಸೀಲ್ ವರ್ಷ ಕಳೆದಂತೆ ಹಾಳಾಗುತ್ತದೆ. ಹಾಗಾಗಿ ಹಳೇ ವಾಚ್ ಕೊಂಡವರು ಅಂಕಿಯನ್ನು ಸುಮ್ನೆ ನಂಬದೆ ಒತ್ತಡ ಪರೀಕ್ಷೆ ಮಾಡಿಸಿ. ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.